ಆಕಾಶಕ್ಕೊಂದು ನಿಯಮ, ಭೂಮಿಗೊಂದು ನಿಯಮವೇ?

ನಮ್ಮ ಊರುಗಳ ಮಸೀದಿಯ ಗೋಡೆಯಲ್ಲಿ ನಮಾಝಿನ ವೇಳಾಪಟ್ಟಿಯೊಂದು ತೂಗುತ್ತಿರುತ್ತದೆ. ಇಂಥ ದಿನ ಸೂರ್ಯೋದಯ ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ, ಸೂರ್ಯಾಸ್ತ ಇಷ್ಟಕ್ಕೆ ಎಂದು ಅದರಲ್ಲಿ ಬರೆದಿರುತ್ತದೆ. ಸೂರ್ಯ ಮೇಲೇರುವುದೂ ಇಲ್ಲ, ಕೆಳಗಿಳಿಯುವುದೂ ಇಲ್ಲ, ತಿರುಗುವುದು ಭೂಮಿ ಎಂಬುದು ಪ್ರಾಥಮಿಕ ಶಾಲೆಯ ಮಗುವಿಗೂ ಗೊತ್ತು. ಆದರೂ ಆ ಪಟ್ಟಿಯನ್ನು ಯಾರೂ ಸುಳ್ಳು ಎನ್ನುವುದಿಲ್ಲ. ಲೆಕ್ಕ ಸರಿಯಾಗಿದೆಯಲ್ಲ!

ಹಾಗಾದರೆ ಲೆಕ್ಕ ಸರಿ ಬಂದರೆ ಸಾಕೇ? ಅದರ ಹಿಂದಿರುವ ಚಿತ್ರವೂ ನಿಜವಾಗಿರಬೇಕೇ? ಒಂದು ಶಾಸ್ತ್ರ ಹೇಳುವುದು ಇನ್ನೊಂದು ಶಾಸ್ತ್ರ ಹೇಳುವುದಕ್ಕೆ ವಿರುದ್ಧವಾಗಿದ್ದರೆ ಎರಡನ್ನೂ ಒಟ್ಟಿಗೆ ನಂಬಬಹುದೇ? ಇಂದಿನ ತತ್ತ್ವಶಾಸ್ತ್ರಜ್ಞರು ಇದನ್ನು ‘ವಿಜ್ಞಾನಗಳ ಏಕತೆ’ಯ ಪ್ರಶ್ನೆ ಎಂದು ಕರೆಯುತ್ತಾರೆ. ಎಲ್ಲ ವಿಜ್ಞಾನಗಳೂ ಕೊನೆಗೆ ಒಂದೇ ವಿಜ್ಞಾನವೇ, ಒಂದು ಸಿದ್ಧಾಂತವನ್ನು ಪೂರ್ತಿಯಾಗಿ ಇನ್ನೊಂದರೊಳಗೆ ಇಳಿಸಿಬಿಡಲು ಸಾಧ್ಯವೇ ಎಂಬುದು ಆ ಚರ್ಚೆಯ ತಿರುಳು. ಇದು ಇಪ್ಪತ್ತನೇ ಶತಮಾನದ ಯುರೋಪಿನಲ್ಲಿ ಹುಟ್ಟಿದ ಚರ್ಚೆ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಬಸ್ರಾ, ಕೈರೋ, ಮರಾಗಾ, ದಮಾಸ್ಕಸ್, ಸಮರ್‌ಕಂದ್‌ಗಳ ವಿದ್ವಾಂಸರು ಸುಮಾರು ಐನೂರು ವರ್ಷಗಳ ಕಾಲ ತಲೆ ಕೆಡಿಸಿಕೊಂಡದ್ದು ಇದೇ ಪ್ರಶ್ನೆಗೆ.

ಇಲ್ಲೊಂದು ಮಾತು ಹೇಳಿಬಿಡಬೇಕು. ಮುಸ್ಲಿಮ್ ವಿಜ್ಞಾನಿಗಳ ಬಗ್ಗೆ ನಾವು ಬರೆಯುವ ಲೇಖನಗಳು ಹೆಚ್ಚಾಗಿ ಹೆಸರುಗಳ ಯಾದಿಯಾಗಿಬಿಡುತ್ತವೆ. ಇದನ್ನು ಇವರು ಮೊದಲು ಕಂಡುಹಿಡಿದರು, ಅದನ್ನು ಅವರು ಮೊದಲು ಕಂಡುಹಿಡಿದರು ಎಂಬ ಯಾದಿ. ಓದಿದವರಿಗೆ ಒಂದಿಷ್ಟು ಹೆಮ್ಮೆ ಉಂಟಾಗುತ್ತದೆ, ಆದರೆ ಆ ಮನುಷ್ಯರು ಯಾವುದಕ್ಕಾಗಿ ನಿದ್ದೆಗೆಟ್ಟರು ಎಂಬುದು ತಿಳಿಯುವುದೇ ಇಲ್ಲ. ಅವರ ತಲೆನೋವು ಏನಿತ್ತು ಎಂಬುದನ್ನು ನೋಡೋಣ.

ಗ್ರೀಕರಿಂದ ಅವರಿಗೆ ಎರಡು ಶಾಸ್ತ್ರಗಳು ಬಳುವಳಿಯಾಗಿ ಬಂದಿದ್ದವು. ಒಂದು, ಅರಿಸ್ಟಾಟಲನ ಪ್ರಕೃತಿಶಾಸ್ತ್ರ. ಅದರ ಪ್ರಕಾರ ವಿಶ್ವ ಎರಡು ಭಾಗ. ಚಂದ್ರನ ಕೆಳಗೆ ಮಣ್ಣು, ನೀರು, ಗಾಳಿ, ಬೆಂಕಿಗಳ ಲೋಕ. ಇಲ್ಲಿ ವಸ್ತುಗಳು ಮೇಲಕ್ಕೋ ಕೆಳಕ್ಕೋ ನೇರವಾಗಿ ಚಲಿಸುತ್ತವೆ, ಹುಟ್ಟುತ್ತವೆ, ಕೆಡುತ್ತವೆ. ಚಂದ್ರನಿಂದ ಮೇಲೆ ಐದನೆಯದೊಂದು ದ್ರವ್ಯದ ಲೋಕ. ಅಲ್ಲಿ ಗೋಳಗಳು ತಮ್ಮ ಕೇಂದ್ರದ ಸುತ್ತ ಒಂದೇ ವೇಗದಲ್ಲಿ ಸುತ್ತುತ್ತಿರುತ್ತವೆ, ಬದಲಾವಣೆಯೇ ಇಲ್ಲ. ಎರಡನೆಯದು, ಕ್ರಿ.ಶ. ಎರಡನೇ ಶತಮಾನದ ಟಾಲೆಮಿಯ ಖಗೋಳ ಗಣಿತ. ಅರಬರು ಅವನನ್ನು ಬತ್ಲೀಮೂಸ್ ಎಂದೂ ಅವನ ಗ್ರಂಥವನ್ನು ‘ಅಲ್‌ಮಜಿಸ್ತಿ’ ಎಂದೂ ಕರೆದರು. ಗ್ರಹಗಳು ಯಾವ ದಿನ ಎಲ್ಲಿರುತ್ತವೆ ಎಂಬುದನ್ನು ಆ ಗ್ರಂಥದ ಸಹಾಯದಿಂದ ಚೆನ್ನಾಗಿಯೇ ಲೆಕ್ಕ ಹಾಕಬಹುದಿತ್ತು.

ತೊಂದರೆ ಏನೆಂದರೆ ಈ ಎರಡು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಲೆಕ್ಕ ಕೂಡಿಬರಲೆಂದು ಟಾಲೆಮಿ ಒಂದು ಉಪಾಯ ಮಾಡಿದ್ದ. ಗ್ರಹವನ್ನು ಒಯ್ಯುವ ವೃತ್ತದ ಕೇಂದ್ರ ಒಂದು ಕಡೆ, ಭೂಮಿ ಅದರ ಒಂದು ಪಕ್ಕದಲ್ಲಿ, ಅಷ್ಟೇ ದೂರದಲ್ಲಿ ಇನ್ನೊಂದು ಪಕ್ಕದಲ್ಲಿ ಬರೀ ಒಂದು ಬಿಂದು. ಚಲನೆ ಒಂದೇ ವೇಗದ್ದಾಗಿ ಕಾಣುವುದು ಆ ಬಿಂದುವಿನಿಂದ ಅಳೆದರೆ ಮಾತ್ರ. ಪಾಶ್ಚಾತ್ಯರು ಅದಕ್ಕೆ ಈಕ್ವೆಂಟ್ ಎಂಬ ಹೆಸರಿಟ್ಟರು. ಕಾಗದದ ಮೇಲೆ ಇದಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ ಆಕಾಶದಲ್ಲಿರುವುದು ನಿಜವಾದ ಗಟ್ಟಿ ಗೋಳ ಎಂದಾದರೆ, ಅದು ತನ್ನದಲ್ಲದ ಕೇಂದ್ರವೊಂದರ ಸುತ್ತ ಸಮನಾಗಿ ತಿರುಗುವುದು ಹೇಗೆ? ಗಾಡಿಯ ಚಕ್ರ ಅಚ್ಚಿನ ಸುತ್ತ ತಿರುಗುವ ಬದಲು ಅಚ್ಚಿನಿಂದ ಒಂದು ಗೇಣು ಆಚೆಯ ಜಾಗಕ್ಕೆ ಲೆಕ್ಕ ಒಪ್ಪಿಸಿದ ಹಾಗೆ.

ಬಸ್ರಾದಲ್ಲಿ ಸುಮಾರು 965ರಲ್ಲಿ ಹುಟ್ಟಿ ಕೈರೋದಲ್ಲಿ ಸುಮಾರು 1040ರಲ್ಲಿ ತೀರಿಕೊಂಡ ಇಬ್ನುಲ್ ಹೈಸಮ್‌ಗೆ ಇದು ಸಹನೆಯಾಗಲಿಲ್ಲ. ದೃಷ್ಟಿಶಾಸ್ತ್ರದ ತನ್ನ ಮಹಾಗ್ರಂಥ ‘ಕಿತಾಬುಲ್ ಮನಾಝಿರ್’ನಲ್ಲಿ ಬೆಳಕಿನ ಸ್ವಭಾವದ ವಿಚಾರವನ್ನೂ ಕಿರಣಗಳ ರೇಖಾಗಣಿತವನ್ನೂ ಜೋಡಿಸಿದ ಮನುಷ್ಯ ಆತ. ‘ಅಶ್ಶುಕೂಕ್ ಅಲಾ ಬತ್ಲೀಮೂಸ್’, ಅಂದರೆ ಟಾಲೆಮಿಯ ಮೇಲಿನ ಸಂದೇಹಗಳು ಎಂಬ ಕೃತಿಯಲ್ಲಿ ಅವರು ಆ ಗುರುವಿನ ತಪ್ಪುಗಳನ್ನು ಒಂದೊಂದಾಗಿ ಎತ್ತಿ ತೋರಿಸಿದರು. ಅವರ ವಾದ ಸರಳ. ಗ್ರಹಗಳು ಚಲಿಸುವುದು ನಿಜ. ಚಲಿಸುವ ನಿಜವಾದ ವಸ್ತುವಿಗೆ ನಿಜವಾದ ರಚನೆ ಇರಲೇಬೇಕು. ಟಾಲೆಮಿ ಕೊಟ್ಟ ರಚನೆ ಅಸಾಧ್ಯವಾದದ್ದು. ಆದ್ದರಿಂದ ಅದು ಸುಳ್ಳು. ನಿಜವಾದದ್ದು ಬೇರೆ ಇದೆ, ಅದು ಟಾಲೆಮಿಗೆ ಸಿಗಲಿಲ್ಲ. ಸಾವಿರ ವರ್ಷ ಸರಿಯಾದ ಉತ್ತರ ಕೊಟ್ಟ ಲೆಕ್ಕದ ಮುಂದೆ ನಿಂತು ಹೀಗೆ ಹೇಳಲು ಎಂಥ ಎದೆಗಾರಿಕೆ ಬೇಕು ಯೋಚಿಸಿ!

ಹೇಳುವುದು ಸುಲಭ, ಕಟ್ಟುವುದು ಕಷ್ಟ. ಅಂದಲೂಸಿಯಾದಲ್ಲಿ ಇಬ್ನು ರುಶ್ದ್ ಕೂಡ ಇದೇ ಕೊರಗನ್ನು ತೋಡಿಕೊಂಡರು. ಅವರ ಸಮಕಾಲೀನ ಬಿತ್ರೂಜಿ ಅರಿಸ್ಟಾಟಲನಿಗೆ ಒಪ್ಪುವಂತೆ ಎಲ್ಲ ಗೋಳಗಳನ್ನೂ ಭೂಮಿಯ ಸುತ್ತಲೇ ಜೋಡಿಸಿ ನೋಡಿದರು. ತತ್ತ್ವ ಶುದ್ಧವಾಯಿತು, ಆದರೆ ಗ್ರಹಗಳು ಅದರ ಪ್ರಕಾರ ನಡೆಯಲಿಲ್ಲ. ಎರಡು ಶಾಸ್ತ್ರಗಳಲ್ಲಿ ಒಂದರ ಕೈಕಾಲು ಮುರಿದು ಇನ್ನೊಂದರ ಪೆಟ್ಟಿಗೆಯೊಳಗೆ ತುಂಬಿಸಿದರೆ ಆಗುವುದು ಹೀಗೆಯೇ.

ನಿಜವಾದ ಕೆಲಸ ನಡೆದದ್ದು ಪೂರ್ವದಲ್ಲಿ. 1258ರಲ್ಲಿ ಹುಲಾಗುವಿನ ಸೇನೆ ಬಗ್ದಾದನ್ನು ಹಾಳುಗೆಡವಿತು. ಮರುವರ್ಷವೇ, 1259ರಲ್ಲಿ, ಅದೇ ಹುಲಾಗುವಿನ ಹಣದಿಂದ ವಾಯವ್ಯ ಇರಾನಿನ ಮರಾಗಾದಲ್ಲಿ ವೀಕ್ಷಣಾಲಯವೊಂದು ಏಳತೊಡಗಿತು. ಅದರ ಮುಖ್ಯಸ್ಥ ನಸೀರುದ್ದೀನ್ ತೂಸಿ. ಉಪಕರಣಗಳನ್ನು ಮಾಡಿಸಿದವರು ದಮಾಸ್ಕಸಿನ ಮುಅಯ್ಯಿದುದ್ದೀನ್ ಉರ್ದಿ. ಇತಿಹಾಸ ಕೆಲವೊಮ್ಮೆ ಎಷ್ಟು ಮುಜುಗರ ಉಂಟುಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ತೂಸಿ ಮಾಡಿದ ಚಮತ್ಕಾರವನ್ನು ಮನೆಯಲ್ಲೇ ನೋಡಬಹುದು. ಒಂದು ದೊಡ್ಡ ಬಳೆಯೊಳಗೆ ಅದರ ಅರ್ಧದಷ್ಟೇ ಅಗಲದ ಚಿಕ್ಕ ಬಳೆಯನ್ನು ಜಾರದಂತೆ ಉರುಳಿಸಿ. ಚಿಕ್ಕ ಬಳೆಯ ಅಂಚಿನಲ್ಲಿ ಗುರುತು ಮಾಡಿದ ಚುಕ್ಕೆ ಸುತ್ತುವುದಿಲ್ಲ, ದೊಡ್ಡ ಬಳೆಯ ಉದ್ದಕ್ಕೂ ನೇರ ಗೆರೆಯಲ್ಲಿ ಹೋಗಿ ಬರುತ್ತದೆ. ಬರೀ ವೃತ್ತಗಳಿಂದ ನೇರ ಚಲನೆ! ಆಕಾಶದಲ್ಲಿ ವೃತ್ತ ಚಲನೆಯನ್ನು ಬಿಟ್ಟು ಬೇರೇನೂ ಇರಕೂಡದು ಎಂಬ ನಿಯಮವನ್ನು ಮುರಿಯದೆಯೇ ಈಕ್ವೆಂಟಿನ ಕೆಲಸವನ್ನು ಮಾಡಿಸಿಕೊಳ್ಳಲು ದಾರಿಯಾಯಿತು. 1261ರಲ್ಲಿ ಬರೆದ ‘ತಝ್ಕಿರಾ’ದಲ್ಲಿ ತೂಸಿ ಇದನ್ನು ವಿವರಿಸಿದರು.

ಈ ಪರಂಪರೆಯ ತುದಿಯಲ್ಲಿ ನಿಂತವರು ಹದಿನಾಲ್ಕನೇ ಶತಮಾನದ ಇಬ್ನುಶ್ಶಾತಿರ್. ದಮಾಸ್ಕಸಿನ ಉಮವೀ ಮಸೀದಿಯಲ್ಲಿ ಅವರು ಮುಖ್ಯ ಮುವಕ್ಕಿತ್, ಅಂದರೆ ನಮಾಝಿನ ಸಮಯ ನಿರ್ಣಯಿಸುವ ಅಧಿಕಾರಿ. ನಮ್ಮ ಗೋಡೆಯ ವೇಳಾಪಟ್ಟಿಯ ಪೂರ್ವಜ ಎನ್ನಬಹುದು. ಟಾಲೆಮಿಯ ಲೆಕ್ಕದಲ್ಲಿ ಚಂದ್ರನ ಸ್ಥಾನ ಸರಿ ಬರುತ್ತಿತ್ತು, ಆದರೆ ಭೂಮಿಯಿಂದ ಅದರ ದೂರ ಒಂದೇ ತಿಂಗಳಲ್ಲಿ ಹೆಚ್ಚು ಕಡಿಮೆ ಎರಡು ಪಟ್ಟು ಬದಲಾಗುತ್ತಿತ್ತು. ಹಾಗಿದ್ದರೆ ಚಂದ್ರ ಕೆಲವು ದಿನ ನಮಗೆ ಎರಡು ಪಟ್ಟು ದೊಡ್ಡದಾಗಿ ಕಾಣಬೇಕಿತ್ತಲ್ಲ? ಅಂಗಳದಲ್ಲಿ ನಿಂತ ಯಾರಿಗಾದರೂ ಅದು ಸುಳ್ಳೆಂದು ಗೊತ್ತು. ಇಬ್ನುಶ್ಶಾತಿರ್ ಕೊಟ್ಟ ಹೊಸ ರಚನೆಯಲ್ಲಿ ಈ ದೋಷ ಬಹುಮಟ್ಟಿಗೆ ಹೋಯಿತು. 1957ರಲ್ಲಿ ವಿದ್ವಾಂಸರು ಅವರ ಹಸ್ತಪ್ರತಿಯನ್ನು ಪರಿಶೀಲಿಸಿದಾಗ, 1543ರಲ್ಲಿ ಅಚ್ಚಾದ ಕೋಪರ್ನಿಕಸನ ಗ್ರಂಥದಲ್ಲಿರುವ ಚಂದ್ರನ ರಚನೆ ಗಣಿತದ ದೃಷ್ಟಿಯಿಂದ ಅದೇ ಎಂದು ಕಂಡು ಬೆರಗಾದರು. ತೂಸಿಯ ಜೋಡಿ ವೃತ್ತವೂ ಕೋಪರ್ನಿಕಸನಲ್ಲಿ ಇದೆ. ಅದು ಯಾವ ದಾರಿಯಿಂದ ಪೋಲೆಂಡನ್ನು ತಲುಪಿತು ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಇನ್ನೂ ಒಮ್ಮತವಿಲ್ಲ. ‘ಕದ್ದ’ ಎಂದು ನಾವು ಕೂಗುವುದರಲ್ಲಿ ಅರ್ಥವಿಲ್ಲ. ಕೋಪರ್ನಿಕಸನನ್ನೂ ಕಾಡಿದ್ದು ಇದೇ ಈಕ್ವೆಂಟ್ ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಆದರೆ ಈ ಕತೆಯಲ್ಲಿ ನನಗೆ ಬಹಳ ಇಷ್ಟವಾದ ವ್ಯಕ್ತಿ ಇವರಾರೂ ಅಲ್ಲ, ಅಲೀ ಕುಶ್ಜಿ. ಕುಶ್ಜಿ ಎಂದರೆ ಗಿಡುಗ ಸಾಕುವವ. ಇವರ ತಂದೆ ಉಲೂಗ್ ಬೇಗ್‌ನ ಆಸ್ಥಾನದಲ್ಲಿ ಆ ಕೆಲಸದಲ್ಲಿದ್ದರು. ಸಮರ್‌ಕಂದಿನ ವೀಕ್ಷಣಾಲಯದಲ್ಲಿ ದುಡಿದ ಅಲೀ, 1449ರಲ್ಲಿ ಉಲೂಗ್ ಬೇಗ್‌ನ ಕೊಲೆಯಾದ ಮೇಲೆ ಅಲೆದಾಡಿ, ಕೊನೆಗೆ ಇಸ್ತಾಂಬುಲ್ ಸೇರಿ 1474ರಲ್ಲಿ ಅಲ್ಲಿಯೇ ತೀರಿಕೊಂಡರು. ತೂಸಿಯ ಒಂದು ಧರ್ಮಶಾಸ್ತ್ರೀಯ ಗ್ರಂಥಕ್ಕೆ ಬರೆದ ವ್ಯಾಖ್ಯಾನದಲ್ಲಿ ಅವರು ಐನೂರು ವರ್ಷಗಳ ಹಠವನ್ನೇ ಪ್ರಶ್ನಿಸಿದರು. ಖಗೋಳಶಾಸ್ತ್ರಕ್ಕೆ ಅರಿಸ್ಟಾಟಲನ ಪ್ರಕೃತಿಶಾಸ್ತ್ರದ ಅಗತ್ಯವೇ ಇಲ್ಲ. ವೀಕ್ಷಣೆ ಮತ್ತು ರೇಖಾಗಣಿತ ಸಾಕು ಎಂದರು. ಹಾಗೆ ಕಟ್ಟು ಬಿಚ್ಚಿದ್ದೇ ತಡ, ಭೂಮಿ ನಿಶ್ಚಲ ಎನ್ನಲು ಇದ್ದ ಆಧಾರವೂ ಸಡಿಲವಾಯಿತು. ಭೂಮಿ ತಿರುಗುತ್ತದೆ ಎಂದು ಭಾವಿಸಿದರೆ ಯಾವ ಅಸಂಬದ್ಧವೂ ಹುಟ್ಟುವುದಿಲ್ಲ ಎಂದು ಅವರು ಬರೆದರು. ತಿರುಗುತ್ತದೆ ಎಂದು ಅವರು ಸಾಧಿಸಲಿಲ್ಲ, ಬಾಗಿಲು ತೆರೆದಿಟ್ಟರು ಅಷ್ಟೇ.

ಈಗ ಎರಡು ಪಕ್ಷಗಳನ್ನು ಎದುರುಬದುರು ಇಡಿ. ಶಾಸ್ತ್ರಗಳು ಪರಸ್ಪರ ವಿರುದ್ಧವಾಗಿರಬಾರದು ಎಂದರು ಇಬ್ನುಲ್ ಹೈಸಮ್. ಒಂದು ಶಾಸ್ತ್ರವನ್ನು ಇನ್ನೊಂದರ ಗುಲಾಮನನ್ನಾಗಿ ಮಾಡಬೇಡಿ ಎಂದರು ಕುಶ್ಜಿ. ಯಾರು ಸರಿ? ಶಾಲೆಯಲ್ಲಿ ಕಲಿತ ನಮಗೆ ಇಬ್ನುಲ್ ಹೈಸಮ್‌ರೇ ಸರಿ ಅನ್ನಿಸುತ್ತದೆ. ಆದರೆ ಗಮನಿಸಿ, ಅವರು ಖಗೋಳವನ್ನು ಹೊಂದಿಸಲು ಹೊರಟದ್ದು ಯಾವ ಭೌತಶಾಸ್ತ್ರಕ್ಕೆ? ಅರಿಸ್ಟಾಟಲನದಕ್ಕೆ. ಅದೇ ತಪ್ಪಾಗಿತ್ತು! ಐದನೇ ದ್ರವ್ಯವೂ ಇಲ್ಲ, ಗಟ್ಟಿ ಗೋಳಗಳೂ ಇಲ್ಲ. ಏಕತೆಯ ಹೆಸರಿನಲ್ಲಿ ಎಳೆಯ ಶಾಸ್ತ್ರವೊಂದನ್ನು ಹಿರಿಯ ಶಾಸ್ತ್ರಕ್ಕೆ ಕಟ್ಟುವಾಗ ಹಿರಿಯದು ಸರಿಯೆಂದು ಯಾರು ಖಾತ್ರಿ ಕೊಟ್ಟಿದ್ದಾರೆ?

ಹಾಗೆಂದು ಬೇರೆ ಮಾಡಿಬಿಡುವುದೂ ಅಪಾಯವಿಲ್ಲದ ದಾರಿಯಲ್ಲ. ಕೋಪರ್ನಿಕಸನ ಪುಸ್ತಕಕ್ಕೆ ಓಸಿಯಾಂಡರ್ ಎಂಬ ಪಾದ್ರಿ ತನ್ನ ಹೆಸರು ಹಾಕದೆ ಒಂದು ಮುನ್ನುಡಿ ಸೇರಿಸಿದ್ದ. ಇದೆಲ್ಲ ಲೆಕ್ಕದ ಅನುಕೂಲಕ್ಕೆ, ನಿಜವೆಂದು ತಿಳಿಯಬೇಕಾಗಿಲ್ಲ ಎಂಬುದು ಅದರ ಸಾರ. ಕುಶ್ಜಿಯ ಮಾತಿಗೂ ಇದಕ್ಕೂ ಹೋಲಿಕೆ ಇದೆ. ಅಲ್ಲಿ ಬಿಡುಗಡೆಗೆ ಬಳಸಿದ ವಾದ ಇಲ್ಲಿ ಬಾಯಿ ಮುಚ್ಚಿಸಲು ಬಳಕೆಯಾಯಿತು. ಕೆಪ್ಲರ್ ಇದನ್ನು ಒಪ್ಪಲಿಲ್ಲ. ಟೈಕೋ ಬ್ರಾಹೆಯ ವೀಕ್ಷಣೆಗೂ ತನ್ನ ಲೆಕ್ಕಕ್ಕೂ ಮಂಗಳ ಗ್ರಹದ ವಿಷಯದಲ್ಲಿ ಬರೀ ಎಂಟು ಕಲೆಗಳ ವ್ಯತ್ಯಾಸ ಬಂದದ್ದಕ್ಕೆ ಅವನು ವೃತ್ತವನ್ನೇ ಬಿಟ್ಟ. ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು ಒಂದು ಕಲೆ. 1609ರ ಅವನ ‘ಹೊಸ ಖಗೋಳಶಾಸ್ತ್ರ’ದ ಶೀರ್ಷಿಕೆಯಲ್ಲೇ ಆಕಾಶದ ಭೌತಶಾಸ್ತ್ರ ಎಂಬ ಮಾತಿದೆ. ಗ್ರಹ ಹೇಗೆ ಚಲಿಸುತ್ತದೆ ಎಂಬುದರ ಜೊತೆಗೆ ಅದನ್ನು ಚಲಿಸುವಂತೆ ಮಾಡುವುದೇನು ಎಂದೂ ಅವನು ಕೇಳಿದ. ಉತ್ತರ ತಪ್ಪಾಗಿತ್ತು, ಸೂರ್ಯನಲ್ಲಿ ಅಯಸ್ಕಾಂತದಂಥ ಶಕ್ತಿಯಿದೆ ಎಂದುಕೊಂಡಿದ್ದ.

ಸರಿಯುತ್ತರ ನ್ಯೂಟನ್‌ನ 1687ರ ‘ಪ್ರಿನ್ಸಿಪಿಯಾ’ದಲ್ಲಿ ಬಂತು. ಅದರ ಮೂರನೇ ಭಾಗದಲ್ಲಿ ಒಂದು ಸಣ್ಣ ಲೆಕ್ಕವಿದೆ. ಭೂಮಿಯ ಕೇಂದ್ರದಿಂದ ನಾವು ಒಂದು ಭೂತ್ರಿಜ್ಯದಷ್ಟು ದೂರದಲ್ಲಿದ್ದೇವೆ, ಚಂದ್ರ ಸುಮಾರು ಅರವತ್ತರಷ್ಟು. ಆಕರ್ಷಣೆ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದಾದರೆ ಅಲ್ಲಿ ಅದು 3600 ಪಾಲು ಕಡಿಮೆಯಾಗಬೇಕು. ಅಂದರೆ, ಕೈಯಿಂದ ಬಿಟ್ಟ ಕಲ್ಲು ಒಂದು ಸೆಕೆಂಡಿನಲ್ಲಿ ಬೀಳುವಷ್ಟು ದೂರವನ್ನು ಚಂದ್ರ ಒಂದು ನಿಮಿಷದಲ್ಲಿ ಬೀಳಬೇಕು. ನೇರ ದಾರಿಯಿಂದ ಚಂದ್ರ ಒಂದು ನಿಮಿಷದಲ್ಲಿ ಎಷ್ಟು ಬಾಗುತ್ತದೆ ಎಂದು ನೋಡಿದರೆ ಅಷ್ಟೇ ಬರುತ್ತದೆ, ಸುಮಾರು 4.9 ಮೀಟರ್! ಅಂಗಳದ ಕಲ್ಲಿಗೂ ಆಕಾಶದ ಚಂದ್ರನಿಗೂ ಒಂದೇ ನಿಯಮ. ಇಬ್ನುಲ್ ಹೈಸಮ್ ಕೇಳಿದ ಒಪ್ಪಂದ ಆರೂವರೆ ಶತಮಾನಗಳ ನಂತರ ಕೈಗೂಡಿತು, ಆದರೆ ಅವರು ಕೇಳಿದ ಷರತ್ತಿನ ಮೇಲಲ್ಲ. ಗೋಳಗಳು ಹೋದವು, ವೃತ್ತಗಳು ಹೋದವು, ಚಂದ್ರನ ಮೇಲೊಂದು ಕೆಳಗೊಂದು ಎಂಬ ಗಡಿಯೂ ಅಳಿಸಿಹೋಯಿತು.

ಸಿದ್ಧಾಂತವೊಂದು ಇನ್ನೊಂದರೊಳಗೆ ಇಳಿಯುವುದಕ್ಕೆ ಇದನ್ನೇ ಮಾದರಿ ಎಂದು ಪಾಠ ಹೇಳುತ್ತಾರೆ. ಭೂಮಿಯ ಮೇಲೆ ವಸ್ತುಗಳು ಬೀಳುವ ಗೆಲಿಲಿಯೋನ ನಿಯಮ, ಗ್ರಹಗಳ ಕೆಪ್ಲರ್ ನಿಯಮಗಳು, ಎರಡೂ ನ್ಯೂಟನ್‌ನಿಂದ ತಾವಾಗಿ ಹೊರಬರುತ್ತವೆ ಎಂದು. 1961ರಲ್ಲಿ ಅಮೆರಿಕದ ಅರ್ನೆಸ್ಟ್ ನಗೆಲ್ ತನ್ನ ಪ್ರಸಿದ್ಧ ಗ್ರಂಥದಲ್ಲಿ ಇಂಥ ಇಳಿಕೆಯ ತರ್ಕವನ್ನು ಬಿಡಿಸಿ ತೋರಿಸಿದ. ಹಳೆಯ ಸಿದ್ಧಾಂತದ ಪದಗಳನ್ನು ಹೊಸದರ ಪದಗಳೊಂದಿಗೆ ಜೋಡಿಸಬೇಕು, ಆಮೇಲೆ ಹಳೆಯ ನಿಯಮಗಳನ್ನು ಹೊಸದರಿಂದ ತರ್ಕಬದ್ಧವಾಗಿ ಹೊರತೆಗೆಯಬೇಕು. ಗೆಲಿಲಿಯೋ ನಿಯಮ ಅವನ ಉದಾಹರಣೆಗಳಲ್ಲೊಂದು.

ಲೆಕ್ಕವನ್ನು ಸ್ವಲ್ಪ ಕಟ್ಟುನಿಟ್ಟಾಗಿ ಮಾಡಿದರೆ ಈ ಚಿತ್ರ ಅಲುಗಾಡುತ್ತದೆ. ಗೆಲಿಲಿಯೋ ಪ್ರಕಾರ ಬೀಳುವ ವಸ್ತುವಿನ ವೇಗ ಒಂದೇ ಪ್ರಮಾಣದಲ್ಲಿ ಏರುತ್ತದೆ. ನ್ಯೂಟನ್ ಪ್ರಕಾರ ಇಲ್ಲ. ಭೂಮಿಗೆ ಹತ್ತಿರವಾದಷ್ಟೂ ಏರುವ ಪ್ರಮಾಣವೂ ಹೆಚ್ಚುತ್ತದೆ. ಒಂದು ಕಿಲೋಮೀಟರ್ ಎತ್ತರದಲ್ಲಿ ಹತ್ತು ಸಾವಿರಕ್ಕೆ ಮೂರರಷ್ಟು ವ್ಯತ್ಯಾಸ. ಕೆಪ್ಲರ್ ಪ್ರಕಾರ ಗ್ರಹಗಳದ್ದು ದೀರ್ಘವೃತ್ತ. ನ್ಯೂಟನ್ ಪ್ರಕಾರ ಗ್ರಹಗಳೂ ಒಂದನ್ನೊಂದು ಎಳೆಯುವುದರಿಂದ ಯಾವ ಗ್ರಹದ್ದೂ ನಿಖರವಾದ ದೀರ್ಘವೃತ್ತವಲ್ಲ. ಗುರು ಬರಬರುತ್ತ ವೇಗವಾಗುತ್ತಿದೆ, ಶನಿ ನಿಧಾನವಾಗುತ್ತಿದೆ ಎಂಬುದು ಹದಿನೆಂಟನೇ ಶತಮಾನದ ದೊಡ್ಡ ಒಗಟಾಗಿತ್ತು. ಗುರು ಐದು ಸುತ್ತು ಬರುವಷ್ಟರಲ್ಲಿ ಶನಿ ಹೆಚ್ಚು ಕಡಿಮೆ ಎರಡು ಸುತ್ತು ಬರುವುದರಿಂದ ಅವುಗಳ ಎಳೆದಾಟ ಕೂಡುತ್ತ ಹೋಗಿ ಸುಮಾರು ಒಂಬೈನೂರು ವರ್ಷಗಳ ಏರಿಳಿತ ಉಂಟಾಗುತ್ತದೆ ಎಂದು 1785ರಲ್ಲಿ ಲಾಪ್ಲಾಸ್ ತೋರಿಸಿದ. ಅಂದರೆ ನ್ಯೂಟನ್ ಗೆದ್ದದ್ದು ಕೆಪ್ಲರನನ್ನು ಸಾಬೀತು ಮಾಡಿ ಅಲ್ಲ, ತಿದ್ದಿ. ಫ್ರಾನ್ಸಿನ ಪಿಯೆರ್ ದ್ಯುಹೆಮ್ 1906ರಲ್ಲೇ ಇದನ್ನು ಬೊಟ್ಟುಮಾಡಿದ್ದ. ಸುಳ್ಳಾಗಿರುವ ವಾಕ್ಯವನ್ನು ಸತ್ಯವಾದ ವಾಕ್ಯದಿಂದ ತರ್ಕದ ಮೂಲಕ ಹೊರತೆಗೆಯಲು ಸಾಧ್ಯವೇ? 1962ರಲ್ಲಿ ಪಾಲ್ ಫೈಯರಾಬೆಂಡ್ ನಗೆಲ್‌ನ ಮೇಲೆ ಬಿದ್ದದ್ದು ಇದೇ ಆಯುಧ ಹಿಡಿದು.

ಅದೇ ವರ್ಷ ಇನ್ನೊಂದು ತಮಾಷೆ ನಡೆಯಿತು. ವಿಯೆನ್ನಾದ ತತ್ತ್ವಜ್ಞರ ಬಳಗದ ಓಟ್ಟೋ ನ್ಯೂರಾತ್, ಯುರೋಪು ಹರಿದು ಚೂರಾಗುತ್ತಿದ್ದ ಹೊತ್ತಿನಲ್ಲಿ, ಎಲ್ಲ ವಿಜ್ಞಾನಗಳನ್ನೂ ಒಂದೇ ಭಾಷೆಯಲ್ಲಿ ಮಾತಾಡಿಸುವ ವಿಶ್ವಕೋಶವೊಂದನ್ನು 1938ರಿಂದ ಶಿಕಾಗೋದಲ್ಲಿ ಹೊರತರಲು ಆರಂಭಿಸಿದ್ದ. ಸ್ವತಃ ನಾಜಿಗಳಿಂದ ತಪ್ಪಿಸಿಕೊಂಡು 1940ರಲ್ಲಿ ದೋಣಿಯಲ್ಲಿ ಇಂಗ್ಲೆಂಡಿಗೆ ಓಡಿಹೋಗಿ, 1945ರಲ್ಲಿ ಅಲ್ಲಿಯೇ ತೀರಿಕೊಂಡ. ವಿಜ್ಞಾನದ ಏಕತೆ ಎಂದರೆ ಭೌತಶಾಸ್ತ್ರ ಶಿಖರದಲ್ಲಿ ಕುಳಿತ ಪಿರಮಿಡ್ ಎಂದು ಅವನು ಎಂದೂ ತಿಳಿದಿರಲಿಲ್ಲ. ಅನೇಕ ವಾದ್ಯಗಳು ಒಟ್ಟಿಗೆ ನುಡಿಯುವ ಹಾಗೆ ಎಂದು ಅವನ ಕಲ್ಪನೆ. 1962ರಲ್ಲಿ ಅದೇ ಏಕತೆಯ ವಿಶ್ವಕೋಶದ ಒಂದು ಭಾಗವಾಗಿ ಅಚ್ಚಾದದ್ದು ಥಾಮಸ್ ಕೂನ್‌ನ ವೈಜ್ಞಾನಿಕ ಕ್ರಾಂತಿಗಳ ಪುಸ್ತಕ. ಹಳೆಯ ಮತ್ತು ಹೊಸ ಸಿದ್ಧಾಂತಗಳ ಮಾತುಗಳೇ ಬೇರೆಬೇರೆ, ಒಂದನ್ನು ಇನ್ನೊಂದಕ್ಕೆ ಹಾಗೇ ಅನುವಾದಿಸಲಾಗದು ಎಂದು ಅದು ವಾದಿಸಿತು. ತಾನು ಕಟ್ಟಿಸಿದ ಮನೆಯಲ್ಲೇ ಇಂಥ ಬಾಡಿಗೆದಾರ ಬಂದು ಕೂತದ್ದನ್ನು ನೋಡಲು ನ್ಯೂರಾತ್ ಬದುಕಿರಲಿಲ್ಲ.

ನನ್ನ ಅಭಿಪ್ರಾಯದಲ್ಲಿ ಕೂನ್ ಸ್ವಲ್ಪ ಅತಿಯಾಗಿ ಹೇಳಿದ. ನ್ಯೂಟನ್‌ನ ಲೆಕ್ಕದಿಂದ ಕೆಪ್ಲರನ ದೀರ್ಘವೃತ್ತ ಯಾಕೆ ಅಷ್ಟು ಚೆನ್ನಾಗಿ ಹೊಂದುತ್ತದೆ, ಎಷ್ಟರ ಮಟ್ಟಿಗೆ ತಪ್ಪುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದು ಗೊತ್ತಾಗುತ್ತದೆ. ಅದು ಸಣ್ಣ ಸಂಬಂಧವಲ್ಲ. ಆದರೆ ‘ಕೆಪ್ಲರ್ ಎಂದರೆ ನ್ಯೂಟನ್ ಅಲ್ಲದೆ ಬೇರೇನೂ ಅಲ್ಲ’ ಎನ್ನುವಂತಿಲ್ಲ. ಮನುಷ್ಯ ಎಂದರೆ ರಾಸಾಯನಿಕ ಕ್ರಿಯೆಯಲ್ಲದೆ ಬೇರೇನೂ ಅಲ್ಲ, ಪ್ರೀತಿ ಎಂದರೆ ಜೀನುಗಳ ಆಟ ಅಷ್ಟೇ ಎಂದು ಪತ್ರಿಕೆಗಳಲ್ಲಿ ಸಲೀಸಾಗಿ ಬರೆಯುವವರು ಇದನ್ನು ಗಮನಿಸಬೇಕು. ಇಡೀ ವಿಜ್ಞಾನದಲ್ಲಿ ಅತ್ಯಂತ ಸ್ವಚ್ಛವೆನಿಸಿದ ಇಳಿಕೆಯ ಗತಿಯೇ ಹೀಗೆ. ಇತ್ತ ನಮ್ಮಲ್ಲಿ ಕೆಲವರು ನಿನ್ನೆ ಬಂದ ಸಿದ್ಧಾಂತವನ್ನು ಇಂದು ಧರ್ಮಗ್ರಂಥದಲ್ಲಿ ಹುಡುಕಿ ತೆಗೆದು ಸಂತೋಷಪಡುತ್ತಾರೆ. ನಾಳೆ ಆ ಸಿದ್ಧಾಂತಕ್ಕೇ ತಿದ್ದುಪಡಿ ಬಂದರೆ ಏನು ಮಾಡುತ್ತಾರೋ!

ತಿದ್ದುಪಡಿ ನ್ಯೂಟನ್‌ಗೂ ಬಂತು. ಬುಧ ಗ್ರಹದ ಕಕ್ಷೆ ಲೆಕ್ಕಕ್ಕಿಂತ ತುಸು ಹೆಚ್ಚು ತಿರುಗುತ್ತಿದೆ ಎಂದು 1859ರಲ್ಲಿ ಲವೆರ್ಯೇ ಪ್ರಕಟಿಸಿದ. ಒಂದು ಶತಮಾನಕ್ಕೆ ಸುಮಾರು 43 ವಿಕಲೆ, ಅಂದರೆ ಒಂದು ಕಲೆಗಿಂತಲೂ ಕಡಿಮೆ. ಅಜ್ಞಾತ ಗ್ರಹವೊಂದರ ಎಳೆತ ಎಂದುಕೊಂಡು ಅದಕ್ಕೆ ವಲ್ಕನ್ ಎಂದು ಹೆಸರೂ ಇಟ್ಟರು, ದಶಕಗಳ ಕಾಲ ಹುಡುಕಿದರು. ಅದು ಇರಲೇ ಇಲ್ಲ. 1915ರ ನವೆಂಬರಿನಲ್ಲಿ ಐನ್‌ಸ್ಟೈನ್ ತನ್ನ ಹೊಸ ಸಿದ್ಧಾಂತದಿಂದ ಅಷ್ಟೇ ಅಂಕಿಯನ್ನು ಪಡೆದ. ಆ ಸಿದ್ಧಾಂತದಲ್ಲಿ ಗುರುತ್ವಾಕರ್ಷಣೆ ಎಂಬ ಎಳೆಯುವ ಬಲವೇ ಇಲ್ಲ, ಇರುವುದು ದೇಶಕಾಲಗಳ ಬಾಗುವಿಕೆ. ವೇಗ ಕಡಿಮೆಯಿದ್ದು ದ್ರವ್ಯರಾಶಿ ತೀರ ಹೆಚ್ಚಿಲ್ಲದ ಕಡೆ ಅದರ ಲೆಕ್ಕ ನ್ಯೂಟನ್‌ನ ಲೆಕ್ಕಕ್ಕೆ ಬಂದು ಸೇರುತ್ತದೆ. ಲೆಕ್ಕ ಸೇರುತ್ತದೆ, ಚಿತ್ರ ಸೇರುವುದಿಲ್ಲ.

ಈಗ ಗೋಡೆಯ ವೇಳಾಪಟ್ಟಿಯ ಜಾಗಕ್ಕೆ ಮೊಬೈಲ್ ಬಂದಿದೆ. ಹೊಸ ಊರಿಗೆ ಹೋದರೆ ನಮಾಝಿನ ಸಮಯವನ್ನೂ ಕಿಬ್ಲಾದ ದಿಕ್ಕನ್ನೂ ಅದೇ ತೋರಿಸುತ್ತದೆ. ಸಮಯದ ಲೆಕ್ಕದಲ್ಲಿ ಸೂರ್ಯ ಈಗಲೂ ನಮ್ಮ ತಲೆಯ ಮೇಲೆ ಹಾದುಹೋಗುತ್ತಾನೆ, ಇಬ್ನುಶ್ಶಾತಿರ್ ಕಾಲದ ಹಾಗೆಯೇ. ನಾವಿರುವ ಜಾಗವನ್ನು ತಿಳಿಸುವ ಉಪಗ್ರಹಗಳು ಸುತ್ತುವುದನ್ನು ಬಹುಮಟ್ಟಿಗೆ ನ್ಯೂಟನ್‌ನ ನಿಯಮದಿಂದ ಲೆಕ್ಕ ಹಾಕುತ್ತಾರೆ. ಅವುಗಳೊಳಗಿನ ಗಡಿಯಾರ ಭೂಮಿಯ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಐನ್‌ಸ್ಟೈನ್‌ನ ಸಿದ್ಧಾಂತದಿಂದ ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಕಿಲೋಮೀಟರುಗಟ್ಟಲೆ ತಪ್ಪು ಬರುತ್ತದೆ. ಆ ಗಡಿಯಾರ ಪರಮಾಣು ಗಡಿಯಾರ. ಅದು ಮಿಡಿಯುವುದು ಕ್ವಾಂಟಮ್ ಸಿದ್ಧಾಂತದ ಪ್ರಕಾರ. ಐನ್‌ಸ್ಟೈನ್‌ನ ಗುರುತ್ವ ಸಿದ್ಧಾಂತ ಮತ್ತು ಕ್ವಾಂಟಮ್ ಸಿದ್ಧಾಂತ ಇವೆರಡನ್ನು ಒಂದು ಮಾಡುವ, ಪರೀಕ್ಷೆಯಲ್ಲಿ ಗೆದ್ದ ಸಿದ್ಧಾಂತ ಇಂದಿಗೂ ಬಂದಿಲ್ಲ.